ಇಂಟರ್‌ವಲ್ ಆದ ಮೇಲೆ ಬರುವ ಮುದುಕಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನತ್ತ ಬೆರಳು ಮಾಡಬಾರದು. ಹನ್ನೊಂದು ವರ್ಷ ನಾನು ಜಮಖಂಡಿಯ ಒಂದು ದಿನಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆದೆ. ಆ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಿನಿಮಾದ ದ್ವಿತೀಯಾರ್ಧವನ್ನೂ ಬಿಡುಗಡೆಯ ದಿನ ನೋಡಲಿಲ್ಲ. "ದ್ವಿತೀಯಾರ್ಧದಲ್ಲಿ ನಿರ್ದೇಶಕರ ಹಿಡಿತ ಸಡಿಲವಾಗಿದೆ" ಎಂದು ನಾನು ಬರೆದಾಗಲೆಲ್ಲ, ಆ ದ್ವಿತೀಯಾರ್ಧ ನಡೆಯುವ ಹೊತ್ತಿಗೆ ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಿದ್ದೆ.

ಕಾರಣ ದೊಡ್ಡದೇನಲ್ಲ. ನಮ್ಮ ಕಡೆ ಹೊಸ ಸಿನಿಮಾ ಮೊದಲು ಬೀಳುತ್ತಿದ್ದದ್ದು ರಬಕವಿಯ ಒಂದು ಟಾಕೀಸಿನಲ್ಲಿ. ಮಗ್ಗದವರ ಊರು, ಸಿನಿಮಾದ ಹುಚ್ಚು ಜಾಸ್ತಿ. ಶುಕ್ರವಾರ ಎರಡೂವರೆಗೆ ಆಟ. ಶನಿವಾರದ ಪೇಪರಿಗೆ ವಿಮರ್ಶೆ ಹೋಗಬೇಕು. ನನ್ನ ಕೈಬರಹವನ್ನು ಕಂಪ್ಯೂಟರಿಗೆ ಹಾಕುವ ಹೆಣ್ಣುಮಗಳು ಸಂಜೆ ಆರು ಗಂಟೆಗೆ ಸರಿಯಾಗಿ ಕುರ್ಚಿ ಬಿಟ್ಟು ಏಳುತ್ತಿದ್ದಳು, ಏಕೆಂದರೆ ಆಕೆಯ ಗಂಡ ಕೆಳಗೆ ಗಾಡಿ ತಂದು ಹಾರ್ನ್ ಬಾರಿಸುತ್ತಿದ್ದ. ಅವನ ಹಾರ್ನ್ ಮುಂದೆ ಸಂಪಾದಕರ ಮಾತೂ ನಡೆಯುತ್ತಿರಲಿಲ್ಲ. ಬೆಳಗಿನ ಆಟ ನೋಡಬಹುದಿತ್ತಲ್ಲ ಎನ್ನಬೇಡಿ. ಬೆಳಿಗ್ಗೆ ನಾನು ತಾಲ್ಲೂಕು ಕಚೇರಿ, ಎಪಿಎಂಸಿ ಸುತ್ತಿ ಸುದ್ದಿ ತರಬೇಕಿತ್ತು. ಹಾಗಾಗಿ ಇಂಟರ್‌ವಲ್ ಆಗುತ್ತಲೇ ಎದ್ದು, ಬಸ್ ಹಿಡಿದು ಜಮಖಂಡಿಗೆ ಬಂದು, ಐದು ಗಂಟೆಗೆ ಟಾಕೀಸಿನ ಆಪರೇಟರ್ ಕಾಕಾಗೆ ಫೋನ್ ಮಾಡಿ, "ಮುಂದ ಏನಾತು ಹೇಳ್ರಿ ಕಾಕಾ" ಎನ್ನುತ್ತಿದ್ದೆ.

ಕಾಕಾ ಬೆಳಗಿನ ಆಟದಲ್ಲೇ ಪೂರ್ತಿ ನೋಡಿರುತ್ತಿದ್ದರು. ಎಷ್ಟು ಚೆಂದ ಹೇಳುತ್ತಿದ್ದರೆಂದರೆ, ಆಮೇಲೆ ನಾನು ಟಿ.ವಿ.ಯಲ್ಲಿ ನೋಡಿದಾಗ ಸಿನಿಮಾವೇ ಸಪ್ಪೆ ಅನಿಸುತ್ತಿತ್ತು. ಅವರು ಹೇಳಿದ್ದನ್ನು ಹೆಚ್ಚುಕಡಿಮೆ ಹೇಳಿದ ಹಾಗೇ ಬರೆಯುತ್ತಿದ್ದೆ. ಪ್ರತಿಯಾಗಿ ಅವರು ಕೇಳಿದ್ದು ಒಂದೇ, ಶನಿವಾರದ ಪೇಪರು. "ಮನ್ಯಾಗ ಓದಿ ತೋರಸ್ತೇನ್ರಿ" ಅನ್ನುತ್ತಿದ್ದರು. ಯಾರಿಗೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಇಷ್ಟು ವರ್ಷದ ಒಡನಾಟ, ಒಬ್ಬರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳದ ನನ್ನ ದರಿದ್ರ ಸ್ವಭಾವಕ್ಕೆ ಏನನ್ನಬೇಕು.

ಹನ್ನೊಂದನೆಯ ವರ್ಷ. ಒಂದು ಹೊಡೆದಾಟದ ಸಿನಿಮಾ ಬಂತು. ಮೊದಲರ್ಧದಲ್ಲಿ ಬರೀ ಜೀಪು, ಧೂಳು, ಮಚ್ಚು. ಐದು ಗಂಟೆಗೆ ಫೋನ್ ಮಾಡಿದೆ.

"ಇಂಟರ್‌ವಲ್ ಆದ ಮ್ಯಾಲೆ ಒಬ್ಬಾಕಿ ಮುದುಕಿ ಬರ್ತಾಳ್ರಿ" ಎಂದರು ಕಾಕಾ. "ಹೊರಸಿನ ಮ್ಯಾಲೆ ಮಕ್ಕೊಂಡಾಳ. ಒಂದು ಮಗ್ಗಲಾ ಪೂರಾ ಹೋಗೇತಿ. ಗಂಡ ತಾಸಿಗೊಮ್ಮೆ ಹೊರಳಸ್ತಾನ. ಆಕಿ ಅಂತಾಳ, ನನ್ನ ಮುಖ ಗ್ವಾಡಿ ಕಡೆ ಮಾಡಿ ಮಲಗಸು, ಖಿಡಕ್ಯಾಗಿಂದ ಮಂದಿ ನೋಡೂದು ಸಾಕಾಗೇತಿ ಅಂತ."

"ಆಮ್ಯಾಲ?"

"ಗ್ವಾಡಿ ಕಡೆ ಹೊರಳಸ್ತಾನ್ರಿ. ಅಷ್ಟ."

ಹೊಡೆದಾಟದ ಸಿನಿಮಾದಲ್ಲಿ ಈ ಮಂಚ, ಗೋಡೆ, ಕಿಟಕಿ ಎಲ್ಲಿಂದ ಬಂದವು ಎಂದು ಅನಿಸಿತು. ಆದರೆ ಗಡಿಯಾರ ನೋಡಿ ಬರೆದೆ. "ಹಾಸಿಗೆ ಹಿಡಿದ ವೃದ್ಧೆಯ ಕಿರುಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ." ಕೆಳಗೆ ಹಾರ್ನ್ ಕೇಳಿಸಿತು.

ಆ ಭಾನುವಾರ ನನ್ನ ಹೆಂಡತಿ ತನ್ನ ಅಕ್ಕನ ಜೊತೆ ಅದೇ ಸಿನಿಮಾಕ್ಕೆ ಹೋದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಎಲ್ಲಿ ಹಾಳಾಗಿ ಹೋದಳ್ರಿ ನಿಮ್ಮ ಮುದುಕಿ? ನಾವು ಕಣ್ಣಿಗೆ ಎಣ್ಣಿ ಹಾಕ್ಕೊಂಡು ಕುಂತಿದ್ವಿ. ಬರೀ ಹೊಡದಾಟ. ಅಕ್ಕನ ಮುಂದ ನನ್ನ ಮಾನಾ ಕಳದ್ರಿ."

ಬಹುಶಃ ಉದ್ದವಾಯಿತೆಂದು ಕತ್ತರಿಸಿರಬೇಕು ಎಂದೆ. ಮರುದಿನ ಕೆಲಸದ ಮೇಲೆ ಮುಧೋಳಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವ ನನ್ನ ಗುರುತು ಹಿಡಿದು, "ಆ ಮುದುಕಿ ಪಾರ್ಟು ಬಾಳ ಛಲೋ ಮಾಡ್ಯಾಳ್ರಿ ಸರ, ಕಣ್ಣಾಗ ನೀರು ಬಂತು" ಎಂದ. ನಾನು ಚಹಾ ಕುಡಿಯುವುದನ್ನು ಬಿಟ್ಟು ಅವನ ಮುಖ ನೋಡಿದೆ. "ಖರೇನ ನೋಡಿಯೇನೋ?" ಎಂದೆ. "ಅಯ್ಯ, ನೋಡದ ಹೇಳ್ತೀನೇನ್ರಿ? ಗ್ವಾಡಿ ಕಡೆ ಹೊರಳಸೂ ಮುಂದ ಆಕಿ ಸೀರಿ ಸೆರಗು ಹೊರಸಿನ ಕಾಲಿಗೆ ಸಿಗಬೀಳತೈತೆಲ್ರಿ, ಅಲ್ಲಿ." ಸೆರಗಿನ ವಿಷಯ ನಾನು ಬರೆದಿರಲಿಲ್ಲ. ಕಾಕಾ ಹೇಳಿಯೂ ಇರಲಿಲ್ಲ.

ಎರಡು ದಿನಕ್ಕೆ ಬೀಳಗಿಯ ಕಡೆಯ ಒಬ್ಬ ನಿವೃತ್ತ ಮಾಸ್ತರರ ಪತ್ರ ಬಂತು. ಆ ವೃದ್ಧೆಯ ಪಾತ್ರಧಾರಿಗೆ ಪ್ರಶಸ್ತಿ ಕೊಡಬೇಕು, ಆಕೆಯ ಹೆಸರನ್ನು ಪತ್ರಿಕೆ ಏಕೆ ಹಾಕಲಿಲ್ಲ ಎಂದು ಸಿಟ್ಟಿನಿಂದ ಬರೆದಿದ್ದರು. ಅಚ್ಚಾದದ್ದನ್ನು ನಮ್ಮ ಮಂದಿ ನಂಬುತ್ತಾರೆ ಎಂಬುದು ಗೊತ್ತಿತ್ತು. ನಂಬಿಕೊಂಡು ನೋಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಹಾಗೆಂದು ಸಮಾಧಾನ ಮಾಡಿಕೊಂಡೆ, ಆ ಸೆರಗೊಂದು ಬಿಟ್ಟು.

ಮುಂದಿನ ಶುಕ್ರವಾರದ್ದು ನಗೆಯ ಸಿನಿಮಾ. ಫೋನ್ ಎತ್ತಿದ ಕೂಡಲೇ ಕಾಕಾಗೆ ಜೋರು ಮಾಡಿದೆ. "ಏನ್ರಿ ಕಾಕಾ, ಹೋದ ವಾರ ಮುದುಕಿ ಇರಲೇ ಇಲ್ಲಂತ?"

"ಇದ್ದಳ್ರಿ. ಈ ವಾರಾನೂ ಬಂದಾಳ" ಎಂದರು ಅವರು ಮೆತ್ತಗೆ. "ಅದ ಹೊರಸು. ಅದ ಮುದುಕ. ಈ ಸಲ ಆಕಿ ಅಂತಾಳ, ನಾ ಮೊದಲ ಹೋಗಬೇಕು, ಮುತ್ತೈದಿಯಾಗಿ ಹೋಗಬೇಕು, ನಿನಗೂ ಎಪ್ಪತ್ತಾತು, ನೀ ಮೊದಲ ಹೋದ್ರ ನನ್ನ ಹೊರಳಸಾವ್ರು ಯಾರು ಅಂತ. ಮುದುಕ ಬಾಯಿ ಮುಚ್ಚು ಅಂತಾನ. ಆದ್ರ ಆಕಿ ಬಿಡಂಗಿಲ್ಲ."

ನನ್ನ ಸಿಟ್ಟು ಇಳಿದು ಬೇರೇನೋ ಮೇಲೆ ಬಂತು. ಪ್ರತಿ ವಾರ ಅವರ ದನಿಯ ಹಿಂದೆ ಸಿನಿಮಾದ ಗದ್ದಲ ಇರುತ್ತಿತ್ತು, ಆ ಗದ್ದಲದ ಮೇಲೆ ಅವರು ಕೂಗಿ ಹೇಳಬೇಕಾಗುತ್ತಿತ್ತು. ಅವತ್ತು ಹಿಂದೆ ಏನೂ ಇಲ್ಲ. ದೂರದಲ್ಲಿ ಪವರ್‌ಲೂಮಿನ ಖಟಖಟ, ಹತ್ತಿರದಲ್ಲಿ ಯಾರದೋ ಉಸಿರು. ಒಂದೊಂದು ವಾಕ್ಯಕ್ಕೂ ಮೊದಲು ಕಾಕಾ ತಡೆಯುತ್ತಿದ್ದರು. ಈಗ ರೇಡಿಯೊದಲ್ಲಿ ಕೆಲಸ ಮಾಡುತ್ತ ದಿನವೂ ದನಿಗಳನ್ನು ಕೇಳಿ ಕೇಳಿ ಪಳಗಿದ ಕಿವಿಗೆ ಅದು ಆ ಕ್ಷಣವೇ ತಿಳಿಯುತ್ತಿತ್ತು. ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಒಪ್ಪಿಸುವವರು ಹಾಗೆ ತಡೆಯುತ್ತಾರೆ. ಅವತ್ತು ನನಗೆ ಬರೀ ಚಳಿ ಬಂದಂತಾಯಿತು, ಏಪ್ರಿಲ್ ತಿಂಗಳ ಜಮಖಂಡಿಯಲ್ಲಿ.

ಆದರೂ ಬರೆದೆ. ಯಾಕೆ ಬರೆದೆ ಎಂದು ಹೆಂಡತಿ ಇಂದಿಗೂ ಕೇಳುತ್ತಾಳೆ. ಆರು ಗಂಟೆಗೆ ಪುಟ ಮುಚ್ಚುತ್ತದೆ, ಅದಕ್ಕೆ. ಪುಟ ಮುಚ್ಚುವ ಹೊತ್ತಿಗೆ ನಮ್ಮಂಥವರಿಗೆ ಸತ್ಯ ಸುಳ್ಳಿನ ಚಿಂತೆ ಇರುವುದಿಲ್ಲ, ಖಾಲಿ ಜಾಗದ ಚಿಂತೆ ಇರುತ್ತದೆ.

ಮೂರನೆಯ ಶುಕ್ರವಾರ ಕಾಕಾ ಫೋನೆತ್ತಿದಾಗ ದನಿ ಒಡೆದಿತ್ತು. ಸಿನಿಮಾದ ಮಾತನ್ನೇ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

"ಮುದುಕ ಕಡೀಗೆ ಹೂಂ ಅಂದ್ನಿರಿ. ಸೋಮವಾರ ಮುಂಜಾನೆ ಹಾಲಿನ್ಯಾಗ ಹಾಕಿ ಕೊಡ್ತೀನಿ ಅಂತ ಮಾತು ಕೊಟ್ಟಾನ."

"ಏನ್ ಹಾಕಿ?"

ಅವರ ದನಿಯ ಹಿಂದಿನ ಉಸಿರು ಗೊರ್ ಎನ್ನುತ್ತಿತ್ತು.

"ಕುಡೀತಾಳೇನ್ರಿ ಕಾಕಾ? ಮುಂದ ಹೇಳ್ರಿ."

"ಕುಡೀತಾಳ್ರಿ. ಹಂಗ ಬರೀರಿ" ಎಂದರು. ಆಮೇಲೆ ದನಿ ತಗ್ಗಿಸಿ, ಯಾರಿಗೂ ಕೇಳಿಸಬಾರದೆಂಬಂತೆ, "ನೀವು ಬರದದ್ದನ್ನ ಶನಿವಾರ ನಾ ಆಕಿಗೆ ಓದಿ ತೋರಸ್ತೇನ್ರಿ ಸರ" ಎಂದರು. ಫೋನ್ ಇಟ್ಟರು.

ನಾನು ಟಾಕೀಸಿನ ಬಾಗಿಲು ಕಾಯುವವನಿಗೆ ಫೋನ್ ಮಾಡಿದೆ. ಅವನು ನಿರಾಳವಾಗಿ ಹೇಳಿದ. ಕಾಕಾನ ಹೆಂಡತಿಗೆ ಲಕ್ವಾ ಹೊಡೆದು ಆರು ವರ್ಷವಾಯಿತು. ಮಕ್ಕಳಿಲ್ಲ. ಈಗ ರೀಲು ಇಲ್ಲ, ಮಷೀನು ತಾನೇ ಓಡುತ್ತದೆ. ಹಾಗಾಗಿ ಮೂರು ವಾರದಿಂದ ಕಾಕಾ ಇಂಟರ್‌ವಲ್ ಆಗುತ್ತಲೇ ಮನೆಗೆ ಹೋಗಿ ಆಟ ಬಿಡುವ ಹೊತ್ತಿಗೆ ಬರುತ್ತಾರೆ. "ನಿಮಗ ಗೊತ್ತಿಲ್ಲೇನ್ರಿ ಸರ?" ಎಂದ. ಗೊತ್ತಿರಲಿಲ್ಲ.

ಗಡಿಯಾರದಲ್ಲಿ ಐದೂವರೆ. ಪೊಲೀಸರಿಗೆ ಏನೆಂದು ಹೇಳಲಿ? ಸಿನಿಮಾದ ದ್ವಿತೀಯಾರ್ಧದಲ್ಲಿ ಒಬ್ಬಾಕೆ ಸಾಯಲಿದ್ದಾಳೆ ಎಂದೇ? ಬಸ್ ಹತ್ತಿ ಹೋಗಬಹುದಿತ್ತು. ನಿಜ, ಹೋಗಬೇಕಿತ್ತು. ಆದರೆ ಹೋಗಿ ಒಬ್ಬ ಗಂಡನ ಮುಖ ನೋಡಿ ಇದನ್ನು ಮಾತನಾಡುವ ಧೈರ್ಯ ನನ್ನಲ್ಲಿರಲಿಲ್ಲ. ನನಗೆ ಬರುತ್ತಿದ್ದದ್ದು ಬರೆಯುವುದೊಂದೇ. ಅದನ್ನೇ ಮಾಡಿದೆ.

ಕಾಕಾ ಹೇಳಿದ್ದನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಬದಲಿಸಿದೆ. "ಮುದುಕ ಹಾಲನ್ನು ಬಚ್ಚಲಿಗೆ ಚೆಲ್ಲುತ್ತಾನೆ. ಹೆಂಡತಿಯ ಮುಖವನ್ನು ಮತ್ತೆ ಕಿಟಕಿಯ ಕಡೆ ಹೊರಳಿಸುತ್ತಾನೆ. ನೀನಿಲ್ಲದ ಮನೆಯಲ್ಲಿ ನಾನು ಯಾರನ್ನು ಹೊರಳಿಸಲಿ ಎನ್ನುತ್ತಾನೆ. ಇಷ್ಟು ಸತ್ಯವಾದ ಮುಕ್ತಾಯವನ್ನು ಇತ್ತೀಚೆಗೆ ಯಾವ ಚಿತ್ರದಲ್ಲೂ ಕಂಡಿಲ್ಲ." ಇದು ಯಾವ ಚಿತ್ರದ ವಿಮರ್ಶೆ ಎಂಬುದು ಈಗ ನನಗೇ ನೆನಪಿಲ್ಲ. ಕಂಪ್ಯೂಟರಿಗೆ ಹಾಕುತ್ತಿದ್ದ ಹೆಣ್ಣುಮಗಳು ಕಣ್ಣೊರೆಸಿಕೊಂಡು, "ಈ ಪಿಕ್ಚರಿಗೆ ಹೋಗೂಣು ಅಂತ ಇವರಿಗೆ ಹೇಳ್ತೇನ್ರಿ" ಎಂದಳು.

ಶನಿವಾರ ಕಾಕಾ ಫೋನ್ ಎತ್ತಲಿಲ್ಲ. ಭಾನುವಾರವೂ ಇಲ್ಲ. ಆ ಎರಡು ದಿನ ನಾನು ಅನ್ನ ತಿಂದದ್ದು ನೆನಪಿಲ್ಲ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ರಬಕವಿಗೆ ಹೋದೆ. ಕೇಳಿಕೊಂಡು ಅವರ ಓಣಿಯೊಳಗೆ ತಿರುಗುತ್ತಿದ್ದಂತೆ ಕರೆಂಟು ಹೋಯಿತು. ಓಣಿಯ ಎಲ್ಲ ಮಗ್ಗಗಳೂ ಒಂದೇ ಏಟಿಗೆ ನಿಂತವು. ಆ ಊರಿನವರಿಗೆ ಅದು ದಿನದ ಮಾತು. ನನಗೆ ಮಾತ್ರ ಕಿವಿಯಲ್ಲಿ ಹತ್ತಿ ತುರುಕಿದಂತಾಯಿತು. ಯಾವ ಮನೆಯಿಂದಲಾದರೂ ಅಳು ಕೇಳಿಸುತ್ತದೋ ಎಂದು ನಿಂತು ಆಲಿಸಿದೆ.

ಬಾಗಿಲು ತೆರೆದಿತ್ತು. ಹಿಂದೆಂದೂ ಬಾರದ ಆ ಮನೆಯ ಮೂಲೆಮೂಲೆಯೂ ನನಗೆ ಗೊತ್ತಿತ್ತು. ಖಿಡಕಿ, ಹೊರಸು, ಸುಣ್ಣ ಉದುರಿದ ಗ್ವಾಡಿ. ಹೊರಸಿನ ಕಾಲಿಗೆ ಸೀರೆಯ ಸೆರಗು ಸಿಕ್ಕಿಕೊಂಡಿತ್ತು. ಮುದುಕಿಯ ಮುಖ ಖಿಡಕಿಯ ಕಡೆಗಿತ್ತು, ಕಣ್ಣುಗಳು ತೆರೆದಿದ್ದವು. ರೆಪ್ಪೆ ಆಡುವ ತನಕ ನಾನು ಉಸಿರು ಬಿಡಲಿಲ್ಲ.

ಕಾಕಾ ಒಳಗಿನಿಂದ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಬರದಂಗ ಮಾಡಿದ್ನಿರಿ. ಬಚ್ಚಲಕ್ಕ ಚೆಲ್ಲಿಬಿಟ್ನಿ." ಮಗುವಿನ ಹಾಗೆ ಅತ್ತರು. ಅಳುತ್ತಲೇ ಹೇಳಿದರು. ಈ ಮಾತನ್ನು ಹೆಂಡತಿ ಒಂದು ವರ್ಷದಿಂದ ಹಿಡಿದಿದ್ದಳಂತೆ. ತಪ್ಪಿಸಿಕೊಳ್ಳಲು ದಾರಿ ಕಾಣದೆ ಒಂದು ದಿನ ಅವರು, "ಪೇಪರಿನ್ಯಾಗ ಹಂಗ ಬಂದ್ರ ಮಾಡ್ತೀನಿ" ಎಂದುಬಿಟ್ಟರಂತೆ. ಬರುವುದಿಲ್ಲ ಎಂಬ ಭರವಸೆಯಿಂದ. ಆದರೆ ಆಕೆ ಹತ್ತು ವರ್ಷ ಶನಿವಾರದ ಪೇಪರು ಕೇಳಿದವಳು. ಗಂಡ ಫೋನಿನಲ್ಲಿ ಹೇಳಿದ್ದು ಒಂದಕ್ಷರ ಬಿಡದೆ ಅಚ್ಚಾಗುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. "ಹಂಗಾರ ಈ ಶುಕ್ರವಾರ ಮನೀಗೆ ಬಾ, ನಾ ಹೇಳಿದ್ದನ್ನ ಅವಗ ಹೇಳು" ಎಂದಿದ್ದಳು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅಲ್ಲ ಅವರು.

"ಬಾ ಇಲ್ಲಿ" ಎಂದಳು ಮುದುಕಿ. ಬಾಯಿಯ ಒಂದೇ ಕಡೆಯಿಂದ ಬರುವ ಮಾತು, ಆದರೆ ಪ್ರತಿಯೊಂದೂ ಸ್ಪಷ್ಟ. "ಬರದಾಂವ ನೀನ ಏನು?"

"ಹೌದವ್ವಾ."

"ಆರು ವರ್ಷ ಬಿದ್ದಲ್ಲೆ ಬಿದ್ದು ವಿಚಾರ ಮಾಡೀನಿ. ಎಲ್ಲಾ ಹೊಂದಿಸಿಕೊಂಡಿದ್ನಿ. ನೀ ಅರ್ಧಾ ತಾಸಿನ್ಯಾಗ ಕೆಡಿಸಿದಿ. ನೀ ಯಾಂವಲೇ ನನ್ನ ಕತಿ ಬದಲ ಮಾಡಾಂವ?"

ನನಗೆ ಸಿಟ್ಟು ಬಂತು. ಜೀವ ಉಳಿಸಿದವನಿಗೆ ಇದೇನಾ ಎಂದು. "ಜೀವದ್ದು ಹಂಗ ಮಾತಾಡಬಾರದವ್ವಾ" ಎಂದೆ. ಆಕೆ ಕಾಕಾನ ಕಡೆ ಕಣ್ಣು ಹೊರಳಿಸಿ, ಮತ್ತೆ ನನ್ನನ್ನು ನೋಡಿ, "ಇಂವ ಮೊದಲ ಹೋಗ್ತಾನ. ನೋಡಕೋತ ಇರು. ಅವತ್ತು ಬಾ" ಎಂದಳು. ಅಷ್ಟರಲ್ಲಿ ಕರೆಂಟು ಬಂದು ಓಣಿಯೆಲ್ಲ ಮತ್ತೆ ಗದ್ದಲ ಎದ್ದಿತು. ಕಾಕಾ ಚಹಾಕ್ಕಿಟ್ಟರು.

ಐದು ತಿಂಗಳ ಮೇಲೆ ಒಂದು ಶುಕ್ರವಾರ ನಾನು ಐದು ಗಂಟೆಗೆ ಫೋನ್ ಮಾಡಿದೆ. ಆ ಸೋಮವಾರದ ನಂತರ ಕಾಕಾ ಮತ್ತೆ ನಿಜವಾದ ಕಥೆಗಳನ್ನೇ ಹೇಳುತ್ತಿದ್ದರು, ಮುದುಕಿ ಬರುವುದು ನಿಂತಿತ್ತು. ಅವತ್ತು ಫೋನ್ ರಿಂಗಾಗುತ್ತಲೇ ಇತ್ತು. ಮತ್ತೆ ಮಾಡಿದೆ. ನಾಲ್ಕನೆಯ ಸಲ ಬಿಟ್ಟು, ನನ್ನ ತಲೆಗೆ ಬಂದದ್ದೇನೋ ಗೀಚಿ ಪುಟ ತುಂಬಿಸಿದೆ. ಕಾಕಾ ಅವತ್ತು ಮನೆಗೆ ಹೋಗಿರಲಿಲ್ಲ. ಇಂಟರ್‌ವಲ್ ಮುಗಿದು ಸಿನಿಮಾ ಹಚ್ಚಿ, ಕ್ಯಾಬಿನ್ನಿನ ಸ್ಟೂಲಿನ ಮೇಲೆ ಕೂತವರು ಕೂತಲ್ಲೇ ಹೋಗಿಬಿಟ್ಟಿದ್ದರು. ಮಷೀನು ಕೊನೆಯ ತನಕ ತಾನೇ ಓಡಿತು. ಮಂದಿ ನಕ್ಕು, ಸಿಳ್ಳೆ ಹಾಕಿ, ಎದ್ದು ಹೋದರು. ಅವರ ಕಿಸೆಯಲ್ಲಿ ನನ್ನ ಕರೆಗೆ ಫೋನು ರಿಂಗಾದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಕಾಕಾನ ಮಣ್ಣಿಗೆ ಹೋದೆ. ಎಲ್ಲ ಮುಗಿದ ಮೇಲೆ ಒಳಗೆ ಹೋದೆ. ನೆರೆಮನೆಯ ಹೆಣ್ಣುಮಕ್ಕಳು ಮುದುಕಿಯ ಹಸಿರು ಬಳೆ ತೆಗೆದು ಆಗಿತ್ತು. ಆಕೆ ಆಡದ ಕೈಯನ್ನು ಆಡುವ ಕೈಯಿಂದ ಎತ್ತಿ ನನಗೆ ತೋರಿಸಿದಳು. "ಇದನ್ನ ನೀ ಬರದಿಯಪ್ಪಾ" ಎಂದಳು. ಜೋರು ಮಾಡಲಿಲ್ಲ, ಅಳಲಿಲ್ಲ. ನಾನು ಹೊರಗೆ ಬಂದು ಓಣಿಯ ಗಟಾರದ ಹತ್ತಿರ ಕೂತು ವಾಂತಿ ಮಾಡಿದೆ.

ಮರುವಾರ ಸಂಪಾದಕರಿಗೆ ವಿಮರ್ಶೆ ಬರೆಯಲಾರೆ ಎಂದೆ. "ಏನಾತಲೇ ನಿನಗ?" ಎಂದರು. ಏನೆಂದು ಹೇಳಲಿ. ಬನಹಟ್ಟಿಯ ಹತ್ತಿರ ಒಂದು ಸಣ್ಣ ಸಮುದಾಯ ರೇಡಿಯೊ ಶುರುವಾಗುತ್ತಿತ್ತು, ಕಾರ್ಯಕ್ರಮ ಮಾಡಿಸುವವರು ಬೇಕಿದ್ದರು, ಸೇರಿಕೊಂಡೆ. ಬರೆಯುವುದಿಲ್ಲ, ಇನ್ನೊಬ್ಬರ ಮಾತು ಹಿಡಿದು ಕೇಳಿಸುವುದು ಅಷ್ಟೇ ಎಂದು ಸಮಾಧಾನ. ಓಣಿಯ ಹೆಂಗಸರು ಮುದುಕಿಯನ್ನು ಪಾಳಿ ಹಚ್ಚಿ ಹೊರಳಿಸುತ್ತಾರೆ. ಕೆಲಸಕ್ಕೆ ಕೂರುವ ಮೊದಲು ಒಬ್ಬರು, ಊಟದ ಹೊತ್ತಿಗೆ ಒಬ್ಬರು. ಶನಿವಾರ ನನ್ನ ಪಾಳಿ. ನನ್ನ ಹೆಂಡತಿ ಬಂದು ಮೈ ಒರೆಸಿ ಸೀರೆ ಬದಲಿಸುತ್ತಾಳೆ, ನಾನು ಹೊರಳಿಸುತ್ತೇನೆ. ತಲೆದಿಂಬಿನ ಹತ್ತಿರ ರೇಡಿಯೊ ಇಟ್ಟಿದ್ದೇವೆ. ನಾನು ಮಾಡಿಸಿದ ನಾಟಕ ಕೇಳಿ, "ಆ ಸೊಸಿ ಪಾರ್ಟಿನಾಕಿ ಬರೇ ಓದ್ತಾಳ, ಮಾತಾಡಂಗಿಲ್ಲ" ಎಂದು ಅರಳು ಹುರಿದಂತೆ ಬೈಯುತ್ತಾಳೆ. ಆಕೆಯ ಮಾತು ಬಹುತೇಕ ಸರಿಯಿರುತ್ತದೆ. ಸಾವಿರುವ ಯಾವ ನಾಟಕವನ್ನೂ ನಾನು ಹಾಕುವುದಿಲ್ಲ, ಏಕೆಂದು ಸ್ಟುಡಿಯೋದಲ್ಲಿ ಯಾರಿಗೂ ಹೇಳಿಲ್ಲ.

ಹೋದ ತಿಂಗಳು ಕೇಳುಗರ ಫೋನಿನ ಕಾರ್ಯಕ್ರಮದಲ್ಲಿ ಬೀಳಗಿಯ ಆ ಮಾಸ್ತರರು ಸಿಕ್ಕರು. ಮೊಬೈಲಿನಲ್ಲಿ ನಮ್ಮ ರೇಡಿಯೊ ಕೇಳುತ್ತಾರಂತೆ. ಹಾಡು ಕೇಳಲು ಫೋನ್ ಮಾಡಿದವರು, ನಾನೇ ಆ ವಿಮರ್ಶಕ ಎಂದು ತಿಳಿದು ಖುಷಿಯಾದರು. "ಮೊನ್ನಿ ಜಮಖಂಡ್ಯಾಗ ಒಂದು ಪಿಕ್ಚರ್ ನೋಡಿದ್ನಿರಿ. ಇಂಟರ್‌ವಲ್ ಆದ ಮ್ಯಾಲೆ ಅದ ಮುದುಕಿ ಬಂದಿದ್ದಳ್ರಿ. ಬಾಳ ಬಡಕಾಗ್ಯಾಳ. ಈಗ ಗಂಡಂದು ಪಾರ್ಟಿಲ್ಲ. ಬ್ಯಾರೆ ಯಾಂವೋ ಹೊರಳಸ್ತಾನ. ಅವನ ಮುಖ ತೋರಸಂಗಿಲ್ರಿ, ಬೆನ್ನಷ್ಟ." ಗಾಜಿನ ಆಚೆಯಿಂದ ತಂತ್ರಜ್ಞ ಕೈ ಬೀಸುತ್ತಿದ್ದ. ಕೊನೆಗೆ ಅವನೇ ಹಾಡು ಹಚ್ಚಿದ.

ಆ ಶನಿವಾರ ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟೆ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಅವ್ವಾ, ನಾ ಅವತ್ತು ಮಾಡಿದ್ದು ತಪ್ಪಾತೇನು?"

ಆಕೆ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೆಂದುಕೊಂಡೆ.

"ಅವತ್ತು ಹಾಲು ಚೆಲ್ಲಿ ಬಂದು ಅಂವ ನಕ್ಕಿದ್ದ" ಎಂದಳು. "ಆರು ವರ್ಷದಾಗ ಅದ ಮೊದಲ್ನೇ ಸಲ ನಕ್ಕಿದ್ದು. ಆಮ್ಯಾಲ ಐದು ತಿಂಗಳು ದಿನಾ ನಗತಿದ್ದ. ಅದು ನೆನಪಾಗಿ ನಿನಗ ಶಾಪಾ ಹಾಕಾಕೂ ಬಾಯಿ ಏಳವಲ್ದು." ಉಸಿರು ತೆಗೆದುಕೊಂಡು, "ಹೊರಳಸೀಗ. ಈ ಮಗ್ಗಲಾ ಸುಡಾಕತ್ತೈತಿ" ಎಂದಳು.

ಒಂದು ಕೈ ಹೆಗಲ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಇಟ್ಟು ಹೊರಳಿಸಿದೆ.